ಗಿಟಾರ್ ಕಲಿಕೆಯಲ್ಲಿ ಸ್ಕೇಲ್ ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡಬೇಕು?

ಪ್ರಶ್ನೆ, ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ನಾನು ಬಾಲ್ಯದಲ್ಲಿ ಕರ್ನಾಟಕ ಸಂಗೀತವನ್ನು ಗೀತೆಗಳ ತನಕ ಕಲಿತಿದ್ದೆ. ಓದು, ಉದ್ಯೋಗಗಳ ನಡುವೆ ಅದು ನಿಂತುಹೋಯಿತು. ಈಗ ಕೆಲವು ಕಾಲದಿಂದ ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ಗಿಟಾರ್ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಪರೀಕ್ಷೆ ಕಟ್ಟುವ ಇರಾದೆ ನನಗಿಲ್ಲ. ನಮ್ಮ ಊರಿನ ಭಜನಾ ಮಂದಿರದಲ್ಲಿ ಹಾಡುವವರ ಜೊತೆ ನುಡಿಸಬೇಕು, ಮನೆಯಲ್ಲಿ ಅಕ್ಕ ಹಾಡುವ ಭಾವಗೀತೆಗಳಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯಬೇಕು ಎಂಬುದಷ್ಟೇ ನನ್ನ ಗುರಿ.

ರಾತ್ರಿ ಊಟವಾದ ಮೇಲೆ ನನಗೆ ಅಭ್ಯಾಸಕ್ಕೆ ಸಿಗುವುದು ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಮೇಜರ್ ಮತ್ತು ಮೈನರ್ ಸ್ಕೇಲ್‌ಗಳಿಗೆ (ಸ್ವರಗಳನ್ನು ಕ್ರಮವಾಗಿ ಏರಿಳಿಸುವ ಸ್ವರಶ್ರೇಣಿಗಳಿಗೆ), ಮತ್ತು ನಾಲ್ಕು ಬೆರಳುಗಳನ್ನು ನಾಲ್ಕು ಫ್ರೆಟ್‌ಗಳ (ಲೋಹದ ಪಟ್ಟಿಗಳಿಂದ ಭಾಗವಾದ ಮನೆಗಳ) ಮೇಲೆ ಒಂದರ ನಂತರ ಒಂದರಂತೆ ಇಟ್ಟು ಎಲ್ಲ ತಂತಿಗಳ ಮೇಲೆ ಸಾಗುವ ವ್ಯಾಯಾಮಕ್ಕೆ ಮೀಸಲಿಡಬೇಕೆಂದು ಗುರುಗಳು ಹೇಳಿದ್ದಾರೆ. ಅದನ್ನು ತಪ್ಪದೆ ಮಾಡುತ್ತಿದ್ದೇನೆ, ಮತ್ತು ಲಯ ತೋರಿಸುವ ಮೆಟ್ರೊನೋಮ್ ಸಾಧನವನ್ನು ನಿಮಿಷಕ್ಕೆ 100 ಘಾತಕ್ಕೆ ಇಟ್ಟು ಘಾತಕ್ಕೆ ಎರಡು ಸ್ವರದಂತೆ ನುಡಿಸುವಷ್ಟು ಬೆರಳು ಹರಿಯುತ್ತದೆ. ಆದರೆ ಹಾಡಿಗೆ ಬಂದಾಗ ಸಿ ಕಾರ್ಡ್‌ನಿಂದ ಎಫ್ ಕಾರ್ಡ್‌ಗೆ ಹೋಗುವಲ್ಲಿ ಕೈ ತಡವರಿಸುತ್ತದೆ. ಹಾಡುವವರು ಮುಂದಿನ ಸಾಲಿಗೆ ಹೋಗಿರುತ್ತಾರೆ, ನಾನು ಹಿಂದೆಯೇ ಇರುತ್ತೇನೆ. ಬರಿಯ ಪಕ್ಕವಾದ್ಯಕ್ಕಾಗಿ ಕಲಿಯುವವನಿಗೆ ಸ್ಕೇಲ್‌ಗಳಿಂದ ನಿಜವಾಗಿ ಏನು ಪ್ರಯೋಜನ? ನಾವು ಸರಳೆ, ಜಂಟಿವರಸೆಗಳೆಂಬ ಆರಂಭದ ಸ್ವರಪಾಠಗಳನ್ನು ಹಾಡಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ, ಕುಂಬಳೆಯಿಂದ, ಗಿಟಾರ್ ಪಾಠ ಹೇಳುವವರು:

ನಿಮ್ಮ ಗುರುಗಳು ಹೇಳಿದ್ದು ತಪ್ಪಲ್ಲ, ನಿಮ್ಮ ಅನುಮಾನವೂ ತಪ್ಪಲ್ಲ. ಸ್ಕೇಲ್ ಅಭ್ಯಾಸ ಯಾವ ಕೆಲಸವನ್ನು ಮಾಡಿಕೊಡುತ್ತದೆ, ಯಾವುದನ್ನು ಮಾಡಿಕೊಡುವುದಿಲ್ಲ ಎಂಬುದು ನಿಮಗೆ ಸ್ಪಷ್ಟವಾಗಬೇಕು.

ಮೊದಲು ಬೆರಳುಗಳ ವಿಷಯ. ನಮ್ಮ ಉಂಗುರ ಬೆರಳನ್ನು ಎತ್ತುವ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳ ಜೊತೆ ಅಂಗೈಯ ಹಿಂಭಾಗದಲ್ಲಿ ಅಡ್ಡಪಟ್ಟಿಗಳಿಂದ ಜೋಡಣೆಗೊಂಡಿರುತ್ತದೆ. ಆದ್ದರಿಂದಲೇ ಉಳಿದ ಬೆರಳುಗಳನ್ನು ಮೇಜಿನ ಮೇಲೆ ಒತ್ತಿಟ್ಟು ಉಂಗುರ ಬೆರಳೊಂದನ್ನೇ ಎತ್ತಲು ಹೊರಟರೆ ಅದು ಬಹಳ ಕಡಿಮೆ ಏಳುತ್ತದೆ. ಈ ಜೋಡಣೆಯನ್ನು ಯಾವ ವ್ಯಾಯಾಮವೂ ಕಡಿದುಹಾಕುವುದಿಲ್ಲ, ಅಂಥ ಪ್ರಯತ್ನವನ್ನು ಯಾರೂ ಮಾಡಲೂಬಾರದು. ಆದರೆ ಒಂದು ಬೆರಳು ಕೆಲಸ ಮಾಡುವಾಗ ಉಳಿದವು ಬಿಗಿಯದೆ ತಂತಿಯ ಹತ್ತಿರವೇ ಸಡಿಲವಾಗಿ ಕಾಯುವುದನ್ನು ಕಲಿಸಬಹುದು. ನಾಲ್ಕು ಬೆರಳಿನ ವ್ಯಾಯಾಮ ಇರುವುದು ಅದಕ್ಕಾಗಿ. ಅದನ್ನು ಮಾಡುವಾಗ ನಿಮ್ಮ ಕಿರುಬೆರಳು ತಂತಿಯಿಂದ ಎಷ್ಟು ದೂರ ಹಾರುತ್ತದೆಂಬುದನ್ನು ನೀವು ನೋಡದಿದ್ದರೆ ಮೆಟ್ರೊನೋಮ್ 100ರಲ್ಲಿದ್ದರೂ 160ರಲ್ಲಿದ್ದರೂ ಫಲ ಒಂದೇ.

ಎರಡನೆಯದು ಒತ್ತಡ. ಇದನ್ನು ಇವತ್ತು ರಾತ್ರಿಯೇ ಪರೀಕ್ಷಿಸಿ ನೋಡಬಹುದು. ಮೂರನೇ ತಂತಿಯ ಐದನೇ ಫ್ರೆಟ್‌ನಲ್ಲಿ ಬೆರಳನ್ನು ಲೋಹದ ಪಟ್ಟಿಗೆ ಆದಷ್ಟು ಹತ್ತಿರ ತಂದು, ತಂತಿಯನ್ನು ಒತ್ತದೆ ಬರಿದೇ ಮುಟ್ಟಿಕೊಂಡು, ಬಲಗೈಯಿಂದ ಮೀಟುತ್ತ ಹೋಗಿ. ಮೊದಲು ಮಂಕಾದ ಸದ್ದು ಬರುತ್ತದೆ. ಒತ್ತಡವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದಾಗ ಒಂದು ಘಟ್ಟದಲ್ಲಿ ನಾದ ತಿಳಿಯಾಗುತ್ತದೆ. ಆ ಸ್ವರಕ್ಕೆ ಬೇಕಾದ ಬಲ ಅಷ್ಟೇ. ನನ್ನಲ್ಲಿಗೆ ಬರುವ ಹೆಚ್ಚಿನವರು ಅದಕ್ಕಿಂತ ತುಂಬಾ ಹೆಚ್ಚು ಬಲ ಹಾಕಿ ಒತ್ತುವುದನ್ನು ನೋಡುತ್ತೇನೆ. ಹಾಗೆ ಒತ್ತಿದ ಬೆರಳು ಮುಂದಿನ ಜಾಗಕ್ಕೆ ಹೋಗುವ ಮೊದಲು ಬಿಗಿತದಿಂದ ಬಿಡಿಸಿಕೊಳ್ಳಬೇಕಾಗುತ್ತದೆ, ಆ ಹೊತ್ತಿನಲ್ಲಿ ಘಾತ ತಪ್ಪುತ್ತದೆ. ಸ್ಕೇಲ್ ಸರಳವಾದ್ದರಿಂದ ಅಲ್ಲಿ ಇದನ್ನು ಗಮನಿಸಲು ಮನಸ್ಸಿಗೆ ಬಿಡುವಿರುತ್ತದೆ, ಹಾಡಿನಲ್ಲಿ ಇರುವುದಿಲ್ಲ.

ಇನ್ನು ನಿಮ್ಮ ನಿಜವಾದ ತೊಡಕು. ಸಿ ಕಾರ್ಡ್‌ನಲ್ಲಿ ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ತೋರುಬೆರಳು ಎರಡನೇ ತಂತಿಯ ಮೊದಲನೇ ಫ್ರೆಟ್‌ನಲ್ಲಿ ಇರುತ್ತದೆ. ಪೂರ್ಣ ಎಫ್ ಬಾರ್ ಕಾರ್ಡ್‌ನಲ್ಲಿ ಉಂಗುರ ಬೆರಳು ಎಲ್ಲಿರಬೇಕೆಂದು ನೋಡಿ: ಅದೇ ಐದನೇ ತಂತಿಯ ಅದೇ ಮೂರನೇ ಫ್ರೆಟ್‌ನಲ್ಲಿ. ಅಂದರೆ ಅದನ್ನು ಎತ್ತಬೇಕಾದ ಅಗತ್ಯವೇ ಇಲ್ಲ. ಮಧ್ಯದ ಬೆರಳು ಮೂರನೇ ತಂತಿಗೆ ಸರಿಯುತ್ತದೆ, ಕಿರುಬೆರಳು ನಾಲ್ಕನೇ ತಂತಿಯ ಮೂರನೇ ಫ್ರೆಟ್‌ಗೆ ಇಳಿಯುತ್ತದೆ, ತೋರುಬೆರಳು ಮೊದಲನೇ ಫ್ರೆಟ್‌ನ ಉದ್ದಕ್ಕೂ ಮಲಗುತ್ತದೆ. ಎಲ್ಲ ಬೆರಳುಗಳನ್ನೂ ಎತ್ತಿ ಗಾಳಿಯಲ್ಲಿ ಹೊಸ ಆಕಾರ ಕಟ್ಟಿ ಇಳಿಸುವವರಿಗೂ, ಉಂಗುರ ಬೆರಳನ್ನು ಊರಿಕೊಂಡು ಉಳಿದವನ್ನು ಅದರ ಸುತ್ತ ಜರುಗಿಸುವವರಿಗೂ ನಡುವೆ ದೊಡ್ಡ ವ್ಯತ್ಯಾಸವಿದೆ. ಈ ಬದಲಾವಣೆಯೊಂದನ್ನೇ ಮೆಟ್ರೊನೋಮ್ 50ಕ್ಕೆ ಇಟ್ಟು ನಾಲ್ಕು ಘಾತ ಸಿ, ನಾಲ್ಕು ಘಾತ ಎಫ್ ಎಂದು ಮಾಡಿರಿ. ನಿಮಗೆ ಈಗ ಬೇಕಾದ ತಾಂತ್ರಿಕ ವ್ಯಾಯಾಮ ಇದೇ. ಒಂದು ಸ್ವರದ ನಂತರ ಇನ್ನೊಂದು ಸ್ವರ ಬರುವ ಸ್ಕೇಲ್, ಮೂರು ನಾಲ್ಕು ಬೆರಳುಗಳು ಒಮ್ಮೆಲೇ ಜಾಗ ಬದಲಿಸುವ ಈ ಕೆಲಸವನ್ನು ಕಲಿಸಲಾರದು.

ಹಳಬರು ಮಾಡಿದ್ದೂ ಹೀಗೆಯೇ. ಇಟಲಿಯ ಮೌರೊ ಜೂಲಿಯಾನಿ 1812ರಲ್ಲಿ ವಿಯೆನ್ನಾದಲ್ಲಿ ಬಲಗೈಗಾಗಿ 120 ಅಭ್ಯಾಸಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎಡಗೈಗೆ ಇರುವುದು ಸಿ ಮತ್ತು ಜಿ ಸೆವೆನ್ ಎಂಬ ಎರಡೇ ಕಾರ್ಡ್. ಎಡಗೈಯನ್ನು ನಿಶ್ಚಿಂತೆಯಾಗಿಟ್ಟು ಬಲಗೈಯ ಒಂದೊಂದು ತೊಡಕನ್ನು ಮಾತ್ರ ಬೇರ್ಪಡಿಸಿ ತಿದ್ದುವುದು ಅವರ ಕ್ರಮ. ಆಂದ್ರೆಸ್ ಸೆಗೋವಿಯಾ ದಿನಕ್ಕೆ ಎರಡು ಗಂಟೆ ಸ್ಕೇಲ್ ಅಭ್ಯಾಸ ಮಾಡಬೇಕೆಂದು ಬಲವಾಗಿ ಹೇಳಿದವರು, ಮತ್ತು 1953ರಲ್ಲಿ ಅವರು ಬೆರಳಿಟ್ಟುಕೊಟ್ಟು ಪ್ರಕಟಿಸಿದ ಸ್ಕೇಲ್‌ಗಳನ್ನು ಇಂದಿಗೂ ಶಾಸ್ತ್ರೀಯ ಗಿಟಾರ್ ಕಲಿಯುವವರು ನುಡಿಸುತ್ತಾರೆ. ಆದರೆ ಅದು ವಾದ್ಯದ ಮೇಲೆ ಗಟ್ಟಿಯಾದ ತಂತ್ರ ಸಾಧಿಸಬೇಕೆನ್ನುವ ವಿದ್ಯಾರ್ಥಿಗಳಿಗೆ ಹೇಳಿದ ಮಾತು. ಟ್ರಿನಿಟಿ ಕಾಲೇಜ್ ಲಂಡನ್‌ನ ಶಾಸ್ತ್ರೀಯ ಗಿಟಾರ್ ಪರೀಕ್ಷೆಯಲ್ಲಿ ಕೂಡ ತಾಂತ್ರಿಕ ಭಾಗಕ್ಕೆ ಇರುವುದು 100ರಲ್ಲಿ 14 ಅಂಕ, ಮೂರು ಕೃತಿಗಳಿಗೆ 66. ನಿಮ್ಮ ಒಂದು ಗಂಟೆಯಲ್ಲಿ ಸ್ಕೇಲ್‌ಗೆ ಹತ್ತು ನಿಮಿಷ, ಹಾಡಿನಿಂದಲೇ ಎತ್ತಿಕೊಂಡ ತೊಡಕಿನ ಜಾಗಗಳಿಗೆ ಇಪ್ಪತ್ತು ನಿಮಿಷ, ಉಳಿದದ್ದು ಪೂರ್ತಿ ಹಾಡುಗಳಿಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ನಿಮ್ಮ ಗುರುಗಳ ಬಳಿ ಮುಕ್ತವಾಗಿ ಮಾತನಾಡಿ. ಅವರ ಕಣ್ಣಿಗೆ ಕಾಣುವ ಬೇರೆ ಕಾರಣವೂ ಇರಬಹುದು.

ಉತ್ತರ, ಮಂಜೇಶ್ವರದಿಂದ:

ನಾನು ಚರ್ಚಿನ ಗಾಯನವೃಂದದಲ್ಲಿ ಬಹುಕಾಲದಿಂದ ಗಿಟಾರ್ ನುಡಿಸುತ್ತಿದ್ದೇನೆ, ಮತ್ತು ಈ ವಿಷಯದಲ್ಲಿ ಕುಂಬಳೆಯ ಮಾಷ್ಟ್ರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಪಕ್ಕವಾದ್ಯದವನಿಗೆ ಹತ್ತು ನಿಮಿಷದ ಸ್ಕೇಲ್ ಕೂಡ ಮೊದಲ ಅಗತ್ಯವಲ್ಲ. ನಮ್ಮ ಕಡೆಯ ಚರ್ಚುಗಳಲ್ಲಿ ಕೊಂಕಣಿ ಮತ್ತು ಕನ್ನಡ ಗೀತೆಗಳಿಗೆ ನುಡಿಸುವ ಅನೇಕರು ಸ್ಕೇಲ್ ಎಂಬುದನ್ನು ಕ್ರಮವಾಗಿ ಕಲಿತವರಲ್ಲ. ಅವರು ಹಾಡುಗಳಿಂದಲೇ ಕಲಿತರು, ಮತ್ತು ಪೂಜೆಯ ಮಧ್ಯೆ ಇಡೀ ಸಭೆ ಹಾಡುವಾಗ ಅವರ ಲಯ ಅಲುಗಾಡುವುದಿಲ್ಲ.

ಎಲ್ಲರ ಗಮನವೂ ಎಡಗೈಯ ಮೇಲೆ ಇರುತ್ತದೆ. ಹಾಡುವವರು ನಿಮ್ಮಿಂದ ನಿರೀಕ್ಷಿಸುವುದು ಬಲಗೈಯ ಲಯವನ್ನು. ಅದು ನಿಲ್ಲಬಾರದು, ಏನೇ ಆದರೂ ನಿಲ್ಲಬಾರದು. ಎಡಗೈ ಎಫ್ ಕಾರ್ಡ್ ತಲುಪುವುದು ತಡವಾದರೂ ಬಲಗೈ ಕೆಳಗೆ ಮೇಲೆ ಹೋಗುತ್ತಲೇ ಇರಬೇಕು. ಅನುಭವಸ್ಥರು ನುಡಿಸುವುದನ್ನು ಹತ್ತಿರದಿಂದ ಗಮನಿಸಿದರೆ ನಿಮಗೆ ಒಂದು ಸಂಗತಿ ಕಾಣುತ್ತದೆ: ಕಾರ್ಡ್ ಬದಲಾಗುವ ಮುಂಚಿನ ಅರ್ಧ ಘಾತದಲ್ಲಿ, ಮೇಲ್ಮುಖವಾದ ಕೊನೆಯ ಎಳೆತದಲ್ಲಿ, ಅವರ ಎಡಗೈ ಆಗಲೇ ತಂತಿಯನ್ನು ಬಿಟ್ಟಿರುತ್ತದೆ ಮತ್ತು ಪಿಕ್ (ಮೀಟುವ ಚಿಕ್ಕ ಬಿಲ್ಲೆ) ಖಾಲಿ ತಂತಿಗಳನ್ನು ಸವರಿಕೊಂಡು ಹೋಗುತ್ತದೆ. ಅದು ಕೇಳುವವರ ಕಿವಿಗೆ ತಪ್ಪಾಗಿ ಬೀಳುವುದೇ ಇಲ್ಲ. ಆ ಅರ್ಧ ಘಾತವೇ ಎಡಗೈಗೆ ದಾರಿ ಖರ್ಚಾಗಿ ಸಿಗುವ ಸಮಯ.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು. ಎಡಗೈಯ ಬೆರಳುಗಳನ್ನು ಎಲ್ಲ ತಂತಿಗಳ ಮೇಲೆ ಹಗುರವಾಗಿ ಇಟ್ಟು ನಾದ ಬಾರದಂತೆ ಮಾಡಿ, ಬರಿಯ ಬಲಗೈಯಿಂದ ನಾಲ್ಕರ ಲಯವನ್ನೂ ಆರರ ಲಯವನ್ನೂ ಹಾಡನ್ನು ಬಾಯಲ್ಲಿ ಗುನುಗುತ್ತ ನುಡಿಸಿರಿ. ಇದನ್ನು ವ್ಯಾಯಾಮವೆಂದು ಕರೆಯುವುದಾದರೆ ನನ್ನ ಅಡ್ಡಿಯಿಲ್ಲ. ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕರ ಎಡಗೈಯ ಎರಡು ಬೆರಳುಗಳು 1928ರ ಬೆಂಕಿ ಅನಾಹುತದಲ್ಲಿ ಸುಟ್ಟು ಸೆಟೆದುಹೋದವು. ಅನಂತರ ಅವರು ಮುಖ್ಯವಾಗಿ ಉಳಿದ ಎರಡು ಬೆರಳುಗಳಿಂದಲೇ ಸ್ವರಗಳನ್ನು ನುಡಿಸಿ ಯುರೋಪಿನ ಜಾಝ್ ಸಂಗೀತದಲ್ಲಿ ಮೇರು ಸ್ಥಾನಕ್ಕೆ ಏರಿದರು. ನಾಲ್ಕು ಬೆರಳುಗಳೂ ಸಮನಾಗಿ ಓಡದಿದ್ದರೆ ಸಂಗೀತವೇ ಸಾಧ್ಯವಿಲ್ಲವೆಂಬ ಹೆದರಿಕೆಯನ್ನು ಬಿಡಬೇಕು ಎಂಬುದಕ್ಕಾಗಿ ಈ ಮಾತನ್ನು ಬರೆದೆ.

ಉತ್ತರ, ನೀರ್ಚಾಲಿನಿಂದ:

ಮಂಜೇಶ್ವರದ ಅಣ್ಣ ಬಲಗೈಯ ಬಗ್ಗೆ ಬರೆದದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಸ್ಕೇಲ್ ಪಕ್ಕವಾದ್ಯದವನಿಗೆ ಮೊದಲ ಅಗತ್ಯವಲ್ಲ ಎಂಬುದನ್ನು ಒಪ್ಪಲಾರೆ. ನಾನು ಪಿಟೀಲು ಕಲಿತು ಆಮೇಲೆ ಗಿಟಾರ್‌ಗೆ ಬಂದವಳು, ಮತ್ತು ಪ್ರಶ್ನೆಯ ಎರಡನೇ ಭಾಗವಾದ ಸರಳೆ, ಜಂಟಿವರಸೆಗಳ ಸಂಬಂಧವನ್ನು ಇದುವರೆಗೆ ಯಾರೂ ಮುಟ್ಟಿಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಮ್ಮ ಪದ್ಧತಿಯಲ್ಲಿ ಆರಂಭದ ಪಾಠಗಳನ್ನು 15ನೇ ಮೇಳವಾದ ಮಾಯಾಮಾಳವಗೌಳದಲ್ಲಿ ಹೇಳಿಕೊಡುವ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಆ ರಾಗದ ಸರಿಗಮದಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪದನಿಸದಲ್ಲಿಯೂ ಅಷ್ಟೇ ಅಂತರವಿದೆ. ಗಿಟಾರ್ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಐದನೇ ತಂತಿಯ 3, 4, 7, 8ನೇ ಫ್ರೆಟ್‌ಗಳಲ್ಲಿ ಸರಿಗಮ, ನಾಲ್ಕನೇ ತಂತಿಯ 5, 6, 9, 10ನೇ ಫ್ರೆಟ್‌ಗಳಲ್ಲಿ ಪದನಿಸ. ಎರಡೂ ಒಂದೇ ಆಕಾರ. ಶಂಕರಾಭರಣವೂ ಹಾಗೆಯೇ: 3, 5, 7, 8 ಮತ್ತು 5, 7, 9, 10. ನಿಮ್ಮ ಗುರುಗಳು ಸಿ ಮೇಜರ್ ಎಂದು ಹೇಳಿಕೊಡುವ ಸ್ವರಗಳು ಈ ಎರಡನೆಯ ಸಾಲಿನಲ್ಲಿವೆ. ರಾಗವೆಂದರೆ ಬರಿಯ ಸ್ವರಸ್ಥಾನಗಳ ಪಟ್ಟಿಯಲ್ಲ, ಗಮಕವಿಲ್ಲದೆ, ಅಂದರೆ ಸ್ವರಗಳನ್ನು ಆಂದೋಲಿಸದೆ, ನುಡಿಸಿದ ಮೇಜರ್ ಸ್ಕೇಲನ್ನು ಶಂಕರಾಭರಣವೆಂದು ಯಾರೂ ಒಪ್ಪುವುದಿಲ್ಲ. ಆದರೂ ಸ್ವರಸ್ಥಾನಗಳನ್ನು ಬಾಲ್ಯದಲ್ಲಿಯೇ ಹಾಡಿದ ಕಿವಿ ನಿಮಗಿದೆ. ಹಾಗಿರುವಾಗ ಸ್ಕೇಲನ್ನು ಮೂಕವಾಗಿ ಬೆರಳಿನಿಂದ ಮಾತ್ರ ಏಕೆ ನುಡಿಸಬೇಕು? ಸರಿಗಮ ಎಂದು ಬಾಯಲ್ಲಿ ಹಾಡಿಕೊಂಡೇ ನುಡಿಸಿರಿ. ಬೆರಳಿಗೆ ಮೊದಲೇ ಸ್ವರ ಬಾಯಿಗೆ ಬರುವಂತಾದರೆ ಭಜನೆಯ ಸಾಲು ಎಲ್ಲಿಗೆ ಹೋಗುತ್ತಿದೆ ಎಂಬುದು ನಿಮಗೆ ಮುಂಚಿತವಾಗಿ ತಿಳಿಯುತ್ತದೆ.

ಇದರಿಂದ ಪಕ್ಕವಾದ್ಯದವನಿಗೆ ಆಗುವ ನೇರ ಲಾಭ ಏನೆಂದರೆ, ಕಾರ್ಡ್‌ಗಳು ಸ್ಕೇಲ್‌ನಿಂದಲೇ ಹುಟ್ಟುತ್ತವೆ. ಷಡ್ಜವನ್ನು ಸಿ ಎಂದು ಇಟ್ಟುಕೊಂಡರೆ ಸಿ ಕಾರ್ಡ್‌ನಲ್ಲಿ ಸ, ಗ, ಪ ಇವೆ. ಎಫ್ ಕಾರ್ಡ್‌ನಲ್ಲಿ ಮ, ದ, ಸ. ಜಿ ಕಾರ್ಡ್‌ನಲ್ಲಿ ಪ, ನಿ, ರಿ. ಮೂರು ಕಾರ್ಡ್‌ಗಳಲ್ಲಿ ಏಳು ಸ್ವರಗಳೂ ಬಂದುಬಿಟ್ಟವು. ಶಂಕರಾಭರಣದ ಸ್ವರಗಳಲ್ಲಿ ನಡೆಯುವ ಸರಳವಾದ ಭಜನೆಗಳಿಗೆ ಈ ಮೂರೇ ಸಾಕಾಗುವುದು ಅದಕ್ಕೇ. ಈಗ ಮೋಹನ ರಾಗದ ಒಂದು ಭಜನೆಯನ್ನು ತೆಗೆದುಕೊಳ್ಳಿ. ಮೋಹನದಲ್ಲಿ ಮಧ್ಯಮವೂ ನಿಷಾದವೂ ಇಲ್ಲ. ಅಲ್ಲಿ ಎಫ್ ಕಾರ್ಡ್ ಹಿಡಿದರೆ ಮಧ್ಯಮ ನುಗ್ಗುತ್ತದೆ, ಜಿ ಕಾರ್ಡ್ ಹಿಡಿದರೆ ನಿಷಾದ ನುಗ್ಗುತ್ತದೆ, ಮತ್ತು ಹಾಡುವ ಹಿರಿಯರು ಕಾರಣ ಹೇಳದಿದ್ದರೂ ಮುಖ ತಿರುಗಿಸಿ ನೋಡುತ್ತಾರೆ. ಆ ರಾಗಕ್ಕೆ ಹೊಂದುವುದು ಸಿ ಮತ್ತು ಎ ಮೈನರ್. ಜಿ ಬೇಕೆನಿಸಿದಲ್ಲಿ ಪಂಚಮ ಮತ್ತು ರಿಷಭ ಮಾತ್ರ ಕೇಳುವಂತೆ ಎರಡು ಸ್ವರಗಳನ್ನು ಮೀಟಿದರೆ ಸಾಕು. ಸ್ಕೇಲ್‌ನ ಪರಿಚಯವಿಲ್ಲದ ಕೈ ಇದನ್ನು ಹೇಗೆ ಕಂಡುಕೊಳ್ಳಬೇಕು? ಚರ್ಚಿನ ಗೀತೆಗಳು ಕಾರ್ಡ್‌ಗಳನ್ನು ಮನಸ್ಸಿನಲ್ಲಿಟ್ಟೇ ರಚಿತವಾಗಿರುತ್ತವೆ, ಭಜನೆಗಳು ಹಾಗಲ್ಲ. ಈ ವ್ಯತ್ಯಾಸವನ್ನು ಮಂಜೇಶ್ವರದ ಅಣ್ಣ ಒಪ್ಪುವರೆಂದು ನಂಬುತ್ತೇನೆ.

ತಾಳಗಳಿಗೆ ಹೊಂದಿಸಿದ ಸ್ವರಪಾಠಗಳಾದ ಅಲಂಕಾರಗಳನ್ನೂ ಗಿಟಾರ್‌ಗೆ ತನ್ನಿ. ತಿಸ್ರಜಾತಿ ತ್ರಿಪುಟ ತಾಳದ ಅಲಂಕಾರ ಸರಿಗ ಸರಿ ಗಮ ಎಂದು ಏಳು ಅಕ್ಷರಗಳಲ್ಲಿ ನಡೆಯುತ್ತದೆ. ಪಿಕ್‌ನಿಂದ ಕೆಳಗೊಂದು ಮೇಲೊಂದು ಎಂಬ ಕ್ರಮದಲ್ಲಿ ನುಡಿಸಿದಾಗ ಮೊದಲ ಆವರ್ತ ಕೆಳಮುಖದ ಮೀಟಿನಿಂದ ಆರಂಭವಾದರೆ, ಏಳು ಬೆಸಸಂಖ್ಯೆಯಾದ್ದರಿಂದ, ಎರಡನೇ ಆವರ್ತ ಮೇಲ್ಮುಖದ ಮೀಟಿನಿಂದ ಆರಂಭವಾಗಲೇಬೇಕು. ಆವರ್ತದ ಮೊದಲ ಅಕ್ಷರವಾದ ಸಮದ ಒತ್ತು ಎರಡೂ ಸಲ ಒಂದೇ ತೂಕದಲ್ಲಿ ಕೇಳಬೇಕೆಂದು ನೀವು ಹಟ ಹಿಡಿದರೆ ಬಲಗೈ ಬಹಳ ಬೇಗ ಹದಕ್ಕೆ ಬರುತ್ತದೆ. ಮೇಜರ್ ಸ್ಕೇಲನ್ನು ಮೇಲೆ ಕೆಳಗೆ ಓಡಿಸುವುದರಿಂದ ಈ ಶಿಕ್ಷಣ ಸಿಗುವುದಿಲ್ಲ. ಮೂರು ಕಾಲಗಳಲ್ಲಿ ನುಡಿಸುವಾಗ ಮೆಟ್ರೊನೋಮ್‌ನ ವೇಗವನ್ನು ಬದಲಿಸದೆ, ಘಾತಕ್ಕೆ ಒಂದು, ಎರಡು, ನಾಲ್ಕು ಸ್ವರ ಎಂದು ನಾವು ಹಾಡಿದ ಹಾಗೆಯೇ ಮಾಡಿರಿ.

ಉತ್ತರ, ಮುಳ್ಳೇರಿಯದಿಂದ:

ಒಂದು ಸಣ್ಣ ಸೇರ್ಪಡೆ. ವಾದ್ಯವನ್ನೂ ಒಮ್ಮೆ ನೋಡಿಸಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಗಿಟಾರ್‌ನ ಮೇಲ್ಹಲಗೆ ಉಬ್ಬಿ ತಂತಿಗಳು ಮೇಲೇರುತ್ತವೆ. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್‌ನಲ್ಲಿ ಹನ್ನೆರಡನೇ ಫ್ರೆಟ್‌ನ ಮೇಲೆ ಆರನೇ ತಂತಿ ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಕೈಗೆ ಹಿತ. ಅದು ನಾಲ್ಕಕ್ಕೆ ಏರಿದ್ದರೆ ಎಫ್ ಕಾರ್ಡ್ ತೊಡಕಾಗುವುದಕ್ಕೆ ನಿಮ್ಮ ಅಭ್ಯಾಸವನ್ನು ದೂರಿ ಫಲವಿಲ್ಲ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿಡಿ. ತುಕ್ಕು ಹಿಡಿದ ತಂತಿಯ ಮೇಲೆ ಬೆರಳು ಜಾರುವುದಿಲ್ಲ. ಬೆರಳ ತುದಿ ಉರಿಯುವುದು ಸಹಜ, ಆದರೆ ಮಣಿಕಟ್ಟಿನಲ್ಲಾಗಲಿ ಮುಂಗೈಯಲ್ಲಾಗಲಿ ನೋವು ಕಾಣಿಸಿದರೆ ಆ ದಿನದ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ, ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು. ನೋವನ್ನು ಸಹಿಸಿಕೊಂಡು ಮಾಡುವ ಸಾಧನೆಯಿಂದ ಸ್ನಾಯುರಜ್ಜುಗಳಿಗೆ ದೀರ್ಘಕಾಲದ ಹಾನಿಯಾಗಬಹುದು.

ಪ್ರಶ್ನೆ ಕೇಳಿದವರಿಂದ, ಬದಿಯಡ್ಕ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಉಂಗುರ ಬೆರಳನ್ನು ಎತ್ತದೆ ಎಫ್‌ಗೆ ಹೋಗುವುದನ್ನು ನೋಡಿದೆ. ನಿಧಾನದಲ್ಲಿ ಖಂಡಿತವಾಗಿ ಸುಲಭವಾಗುತ್ತದೆ. ಮೋಹನದ ವಿಷಯ ನನಗೆ ಹೊಸತು, ನಾವು ಹಾಡುವ ಭಜನೆಗಳನ್ನು ಆ ದೃಷ್ಟಿಯಿಂದ ಮತ್ತೆ ನೋಡುತ್ತೇನೆ. ಇನ್ನೊಂದೇ ಸಂದೇಹ ಉಳಿದಿದೆ. ಸಿ, ಎಫ್ ಬದಲಾವಣೆಯನ್ನು ಇಪ್ಪತ್ತು ನಿಮಿಷ ಒಂದೇ ಸಮನೆ ಮಾಡಬೇಕೇ? ಅಲ್ಲದೆ ನಮ್ಮ ಮಂದಿರದ ಹಾರ್ಮೋನಿಯಂ ಹೆಚ್ಚಾಗಿ ಕಪ್ಪು ಒಂದರ ಶ್ರುತಿಯಲ್ಲಿ ನಡೆಯುತ್ತದೆ. ಸಿ ಯಲ್ಲಿ ಕಲಿತದ್ದು ಅಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ?

ಉತ್ತರ, ಕುಂಬಳೆಯಿಂದ:

ಒಂದೇ ಸಮನೆ ಬೇಡ. ಮೂರು ನಿಮಿಷ ಸಿ ಮತ್ತು ಎಫ್ ಮಾಡಿ, ಮೂರು ನಿಮಿಷ ಜಿ ಮತ್ತು ಸಿ ಮಾಡಿ, ಆಮೇಲೆ ನೀರ್ಚಾಲಿನ ಅಕ್ಕ ಹೇಳಿದ ತ್ರಿಪುಟದ ಅಲಂಕಾರಕ್ಕೆ ಹೋಗಿ, ಮತ್ತೆ ಸಿ ಮತ್ತು ಎಫ್‌ಗೆ ಬನ್ನಿ. ಕೈಕೆಲಸವನ್ನು ಕಲಿಯುವ ಬಗ್ಗೆ 1979ರಲ್ಲಿ ಪ್ರಕಟವಾದ ಶೀ ಮತ್ತು ಮೋರ್ಗನ್ ಎಂಬ ಸಂಶೋಧಕರ ಪ್ರಯೋಗದಲ್ಲಿ, ಒಂದೇ ಚಲನೆಯನ್ನು ಸಾಲಾಗಿ ಮಾಡಿ ಮುಗಿಸಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಹಲವು ಚಲನೆಗಳನ್ನು ಬೆರೆಸಿ ಮಾಡಿದವರು ಅಭ್ಯಾಸದಲ್ಲಿ ತಡವರಿಸಿದರೂ ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದೆ ಬಂದರು. ಪ್ರತಿ ಸಲ ಮರಳಿ ಬಂದಾಗಲೂ ಬೆರಳು ಜಾಗವನ್ನು ಹೊಸದಾಗಿ ನೆನಪಿಸಿಕೊಳ್ಳಬೇಕಾಗುತ್ತದೆ, ಮತ್ತು ಭಜನೆಯ ನಡುವೆ ನಿಮ್ಮ ಕೈಗೆ ಬರುವ ಸನ್ನಿವೇಶವೂ ಅದೇ. ಜಿ ಕಾರ್ಡನ್ನು ಆರನೇ ತಂತಿಯಲ್ಲಿ ಉಂಗುರ ಬೆರಳು, ಐದನೇ ತಂತಿಯಲ್ಲಿ ಮಧ್ಯದ ಬೆರಳು, ಮೊದಲನೇ ತಂತಿಯಲ್ಲಿ ಕಿರುಬೆರಳು ಇಟ್ಟು ಹಿಡಿದರೆ, ಸಿ ಗೆ ಬರುವಾಗ ಉಂಗುರ ಬೆರಳು ಮತ್ತು ಮಧ್ಯದ ಬೆರಳು ಎರಡೂ ಜೊತೆಯಾಗಿ ಒಂದೊಂದು ತಂತಿ ಮಾತ್ರ ಕೆಳಗೆ ಸರಿಯುತ್ತವೆ ಎಂಬುದನ್ನು ಗಮನಿಸಿ.

ಶ್ರುತಿಯ ವಿಷಯ ಸುಲಭ. ಕಪ್ಪು ಒಂದು ಎಂದರೆ ಸಿ ಶಾರ್ಪ್. ಕೇಪೊವನ್ನು (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆಯನ್ನು) ಮೊದಲನೇ ಫ್ರೆಟ್‌ಗೆ ಹಾಕಿ ಸಿ ಕಾರ್ಡ್‌ನ ಆಕಾರಗಳನ್ನೇ ಹಿಡಿದರೆ ನೀವು ಆ ಶ್ರುತಿಯಲ್ಲಿರುತ್ತೀರಿ. ಕಪ್ಪು ಎರಡರಲ್ಲಿ ಹಾಡುವವರು ಬಂದರೆ ಕೇಪೊ ಮೂರನೇ ಫ್ರೆಟ್‌ಗೆ ಹೋಗಬೇಕು. ಕೇಪೊ ಹಾಕಿದ ಮೇಲೆ ತಂತಿಗಳ ಶ್ರುತಿ ಸ್ವಲ್ಪ ಏರುವುದುಂಟು, ಆದ್ದರಿಂದ ಹಾರ್ಮೋನಿಯಂನ ಷಡ್ಜವನ್ನು ಹಿಡಿಸಿ ಇನ್ನೊಮ್ಮೆ ಶ್ರುತಿ ಮಾಡಿಕೊಂಡೇ ಆರಂಭಿಸಿ.